ಶಾಯಿ ಬಿದ್ದ ಬೆರಳು, ಬೀಳದ ಓಟು

ನಲವತ್ತೆರಡಕ್ಕೇ ನಿವೃತ್ತನಾದೆ ಎಂದರೆ ಜನ ಮೊದಲು ಯಾವ ಕಾಯಿಲೆ ಎಂದು ಕೇಳುತ್ತಾರೆ, ಆಮೇಲೆ ದನಿ ತಗ್ಗಿಸಿ ಯಾವ ಹಗರಣ ಎಂದು ಕೇಳುತ್ತಾರೆ. ಎರಡೂ ಇಲ್ಲ. ಅಪ್ಪ ಕೆಲಸದಲ್ಲಿರುವಾಗಲೇ ತೀರಿಕೊಂಡರು. ಅನುಕಂಪದ ಮೇಲೆ ನನ್ನನ್ನು ಅವರದೇ ಕಚೇರಿಯಲ್ಲಿ ಗುಮಾಸ್ತನಾಗಿ ತೆಗೆದುಕೊಂಡರು. ಧಾರವಾಡದಲ್ಲಿ ಕಾಲೇಜು ಮುಗಿಸಿ, ಚರ್ಚಾಸ್ಪರ್ಧೆಯಲ್ಲಿ ಗೆದ್ದ ಢಾಲುಗಳನ್ನು ಒಂದು ಟ್ರಂಕಿನಲ್ಲಿ ತುಂಬಿಕೊಂಡು ನಾಗಪುರಕ್ಕೆ ವಾಪಸು ಬಂದಾಗ ನನಗೆ ಇಪ್ಪತ್ತೊಂದು. ಇಪ್ಪತ್ತು ವರ್ಷ ತುಂಬಿದ ನೌಕರ ಸ್ವಯಂನಿವೃತ್ತಿ ಕೇಳಬಹುದು ಎಂದು ನಿಯಮವಿದೆ. ತುಂಬಿತು, ಕೇಳಿದೆ, ಕೊಟ್ಟರು. ನನ್ನ ಅರ್ಜಿಯೊಂದಕ್ಕೆ ಸರ್ಕಾರ ಇಷ್ಟು ಜಲ್ದಿ ಒಪ್ಪಿಗೆ ಕೊಟ್ಟದ್ದು ಅದೇ ಮೊದಲು.

ಈಗ ಸಂಜೆ ಹೊತ್ತು, ನಾನಿರುವ ಬಡಾವಣೆ ಮಹಾಲ್‌ನ ಒಂದು ಹಳೇ ವಾಡೆಯ ಮೇಲ್ಮಹಡಿಯಲ್ಲಿ ಮಕ್ಕಳಿಗೆ ವಾದ ಮಾಡುವುದನ್ನು ಕಲಿಸುತ್ತೇನೆ. ಅವರಲ್ಲಿ ಅರ್ಧಕ್ಕರ್ಧ ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂತವರು. ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಇಲ್ಲಿನ ನಮ್ಮ ಕನ್ನಡದ ಮಕ್ಕಳೂ ಕೇಳುತ್ತಾರೆ, ಮರಾಠಿಯಲ್ಲಿ. ಅವರಿಗೆ ಕನ್ನಡ ಓದಲು ಬಾರದು. ಈ ಬರಹ ಕೈಗೆ ಸಿಕ್ಕ ಅಪ್ಪ ಅಮ್ಮಂದಿರು ಓದಿ ಹೇಳಲಿ.

ಬಡ್ತಿಗಳ ಕಥೆ ಬೇಡ. ಎರಡು ಬಂದವು, ಎರಡಕ್ಕೂ ಪೇಢೆ ಹಂಚಿದೆ. ನಿಮ್ಮ ತಯಾರಿ ಪುಸ್ತಕಗಳಲ್ಲಿ ರಜೆಯ ನಿಯಮ, ನಡತೆಯ ನಿಯಮ ಎಲ್ಲ ಇರುತ್ತವೆ. ಅಲ್ಲಿ ಇಲ್ಲದ ವಿಷಯ ಚುನಾವಣೆ. ಒಂದು ದಿನ ನಿಮ್ಮ ಮೇಜಿಗೆ ಒಂದು ಆದೇಶ ಬರುತ್ತದೆ, ಮರುವಾರ ನೀವು ಒಂದು ಶಾಲೆಯ ಬೆಂಚಿನ ಮೇಲೆ ಕೂತು ಸಾವಿರ ಜನರಿಗೆ ಓಟು ಹಾಕಿಸುತ್ತಿರುತ್ತೀರಿ. ಮತ್ತು ಅಂದು ನೀವೊಬ್ಬರೇ ಓಟು ಹಾಕಿರುವುದಿಲ್ಲ. ಸರ್ಕಾರಿ ನೌಕರರೇ ಓಟು ಹಾಕುವುದರಲ್ಲಿ ಹಿಂದೆ ಎಂದು ನಾನು ಅಂಕಿ ಅಂಶ ಕೊಟ್ಟು ಸಾಧಿಸಲಾರೆ. ನಮ್ಮ ವಿಭಾಗದ ಹನ್ನೊಂದು ಮೇಜುಗಳ ಬಗ್ಗೆ ಮಾತ್ರ ಆಣೆ ಮಾಡಿ ಹೇಳಬಲ್ಲೆ. ವರ್ಗವಾಗಿ ಬಂದವರ ಹೆಸರು ಹಿಂದಿನ ಊರಿನ ಪಟ್ಟಿಯಲ್ಲಿ ಉಳಿದಿರುತ್ತಿತ್ತು. ಇಲ್ಲಿಯವರು ಮತದಾನದ ರಜೆಗೆ ಒಂದು ದಿನ ಸೇರಿಸಿ ಪಚಮಢಿಯ ಗಿರಿಧಾಮಕ್ಕೆ ಹೋಗುತ್ತಿದ್ದರು. ಎಲ್ಲಿಗೂ ಹೋಗದೆ ಸಿಕ್ಕವರನ್ನು ಡ್ಯೂಟಿಗೆ ಹಾಕುತ್ತಿದ್ದರು.

ಹಾಗೆ ಪ್ರತಿ ಸಲ ಸಿಕ್ಕವರು ಕಸ್ತೂರಿ ಹಿರೇಮಠ. ನಮ್ಮ ವಿಭಾಗದ ಮೇಲ್ವಿಚಾರಕರು, ಮೂಲ ಬಾಗಲಕೋಟೆ ಕಡೆಯವರು, ಇರುವುದು ರಾಮದಾಸಪೇಠ್‌ನಲ್ಲಿ. ನಮ್ಮ ಕಡೆ ಹಿರಿಯ ಹೆಂಗಸರನ್ನು ಮರ್ಯಾದೆಯಿಂದ ಬಾಯಿ ಎನ್ನುವುದು ರೂಢಿ, ಹಾಗಾಗಿ ನಾನು ಬಾಯಾರ ಎನ್ನುತ್ತಿದ್ದೆ, ಅವರು ನನ್ನನ್ನು ವಕೀಲ ಎನ್ನುತ್ತಿದ್ದರು. ಸೇರಿದ ಮೊದಲ ವಾರವೇ ಹಾಜರಿ ಪುಸ್ತಕದ ಬಗ್ಗೆ ಅವರ ಜೊತೆ ಅರ್ಧ ಗಂಟೆ ವಾದ ಮಾಡಿದ್ದಕ್ಕೆ ಸಿಕ್ಕ ಬಿರುದು ಅದು.

ಬಾಯಿಯವರಿಗೆ ಒಂದು ಚಟವಿತ್ತು. ತಮ್ಮ ಕೈಮೇಲೆ ಹಾದುಹೋದ ಯಾವ ಕಾಗದವನ್ನೂ ಅವರು ಬರಿದೇ ಬಿಡುತ್ತಿರಲಿಲ್ಲ. ಎಡಗಡೆಯ ಕೆಳಮೂಲೆಯಲ್ಲಿ ಒಂದು ಚಿಕ್ಕ ಸಹಿ: ಇಂಗ್ಲಿಷಿನ ಕೆ ಮತ್ತು ಹೆಚ್ ಒಂದರ ತೋಳಿನಲ್ಲಿ ಇನ್ನೊಂದು ಸಿಕ್ಕಿಕೊಂಡಂತೆ. ಅದರ ಕೆಳಗೆ ತಾರೀಖು. ಕಡತ, ಸುತ್ತೋಲೆ, ರಜೆಚೀಟಿ ಸರಿ. ಮನೆಗೆ ಬಂದ ಕರೆಂಟ್ ಬಿಲ್ಲಿಗೂ ಹಾಕುತ್ತಿದ್ದರು. ನನ್ನ ಮದುವೆಯ ಕರೆಯೋಲೆ ಕೊಟ್ಟಾಗ ಪೂರ್ತಿ ಓದಿ, ಮೂಲೆಯಲ್ಲಿ ಸಹಿ ಹಾಕಿ, ತಾರೀಖು ಬರೆದು ನನಗೇ ವಾಪಸು ಕೊಟ್ಟರು. ಮುಂದಿನ ಮೇಜಿಗೆ ಕಳಿಸಬೇಕೇನೋ ಎಂದು ಒಂದು ಕ್ಷಣ ನನಗೂ ಅನ್ನಿಸಿತು.

ಮೂವತ್ತು ವರ್ಷದ ಮೇಲಿನ ಸರ್ವೀಸಿನಲ್ಲಿ ಬಾಯಿ ಒಂದೇ ಒಂದು ಓಟು ಹಾಕಿರಲಿಲ್ಲ. ಮನಸ್ಸಿಲ್ಲದೆ ಅಲ್ಲ. ಡ್ಯೂಟಿಗೆ ಹೋದವರಿಗೆ ಅಂಚೆ ಮತಪತ್ರ ಎಂಬುದಿದೆ, ಅರ್ಜಿ ಕೊಟ್ಟರೆ ಮನೆಗೆ ಬರುತ್ತದೆ. ಅವರು ತಪ್ಪದೆ ಅರ್ಜಿ ಕೊಡುತ್ತಿದ್ದರು, ಅದು ತಪ್ಪದೆ ಎಲ್ಲೋ ಕಳೆಯುತ್ತಿತ್ತು. ಒಂದು ಸಲ ಮತಪತ್ರ ಬಂತು, ಎಣಿಕೆ ಮುಗಿದ ಮೂರನೇ ದಿನ. ಬಾಯಿ ಅದಕ್ಕೆ ‘ತಡವಾಗಿ ತಲುಪಿದೆ, ಕಡತಕ್ಕೆ ಸೇರಿಸಿ’ ಎಂದು ಬರೆದು ಸಹಿ ಮಾಡಿ ಮನೆಯ ಕಪಾಟಿನಲ್ಲಿಟ್ಟರು. ಇನ್ನೊಮ್ಮೆ ಅದು ಅವರ ಹಳೆಯ ಬಾಡಿಗೆ ಮನೆಗೆ ಹೋಯಿತು. ಹೀಗೆ ಊರಿಗೆಲ್ಲ ಓಟು ಹಾಕಿಸಿದ ಹೆಂಗಸು ಐವತ್ತೊಂಬತ್ತು ವರ್ಷ ಬೆರಳಿಗೆ ಮಸಿ ಕಾಣದೆ ಉಳಿದರು.

ನಾನೂ ಹಾಕಿರಲಿಲ್ಲ, ಆದರೆ ತತ್ವದ ಮೇಲೆ. ಲಕ್ಷಗಟ್ಟಲೆ ಓಟಿನ ಅಂತರದಲ್ಲಿ ಗೆಲ್ಲುವ ಸೋಲುವ ಆಟದಲ್ಲಿ ನನ್ನ ಒಂದು ಓಟಿನಿಂದ ಫಲಿತಾಂಶ ಬದಲಾಗುವುದಿಲ್ಲ. ಬದಲಾಗದ್ದನ್ನು ಬದಲಿಸಲು ಬಿಸಿಲಲ್ಲಿ ನಿಲ್ಲುವುದು ಅವಿವೇಕ. ಈ ವಾದ ಮಂಡಿಸಿ ನಾನು ಧಾರವಾಡದಲ್ಲಿ ಮೊದಲ ಬಹುಮಾನ ತಗೊಂಡಿದ್ದೆ. ಊಟದ ಹೊತ್ತಿನಲ್ಲಿ ಬಾಯಿಯವರ ಮುಂದೆಯೂ ಮಂಡಿಸಿದೆ. ಅವರು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು.

“ನೀ ಒಬ್ಬಾವ ಒಂದಿನಾ ಬರಲಿಲ್ಲಂದ್ರ ಈ ಆಫೀಸ್ ಬಂದ್ ಆಗತೈತೇನು?”

“ಇಲ್ರಿ.”

“ಮತ್ತ ದಿನಾ ಯಾಕ ಬರ್ತಿ?” ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ, “ಬಂದೂ ಕೆಲಸ ಮಾಡೂದಿಲ್ಲ, ಆ ಮಾತು ಬ್ಯಾರೆ” ಎಂದು ಶೇಂಗಾ ಚಟ್ನಿಯ ಡಬ್ಬಿ ನನ್ನ ಕಡೆ ಸರಿಸಿದರು.

ತೀರ್ಪುಗಾರರಿಲ್ಲದ ಕಡೆ ವಾದ ಮಾಡಬಾರದು ಎಂದು ನಾನು ಚಟ್ನಿ ಹಾಕಿಕೊಂಡೆ.

ಆ ವರ್ಷ ಲೋಕಸಭೆ ಚುನಾವಣೆ. ಕಚೇರಿಗೆ ಹೊಸದಾಗಿ ಬಂದಿದ್ದ ಸಾಹೇಬರಿಗೆ ನಮ್ಮದು ನೂರಕ್ಕೆ ನೂರು ಮತದಾನದ ಕಚೇರಿ ಆಗಬೇಕು ಎಂಬ ಹುಕಿ ಹತ್ತಿತು. ಗೇಟಿಗೆ ಬ್ಯಾನರ್, ಲಿಫ್ಟಿನ ಪಕ್ಕ ಸೆಲ್ಫಿ ತೆಗೆಯುವ ಚೌಕಟ್ಟು, ಮೊಬೈಲಿನಲ್ಲಿ ಬೆರಳಿನ ಫೋಟೊ ಹಾಕಲು ಒಂದು ಗುಂಪು. ಜಾಗೃತಿ ಸಭೆಗೆ ಭಾಷಣಕಾರ ಬೇಕಿತ್ತು. ಯಾರೋ ನನ್ನ ಢಾಲುಗಳ ಸುದ್ದಿ ಹೇಳಿದರು.

ನಾನು ಒಪ್ಪಿಕೊಂಡೆ. ಇದರಲ್ಲಿ ನಾಚಿಕೆ ಪಡಲು ಏನಿಲ್ಲ ಎಂದು ಅಂದುಕೊಂಡೆ. ಚರ್ಚಾಸ್ಪರ್ಧೆಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಅಂದು ಚೀಟಿಯಲ್ಲಿ ಪರ ಬಂದಿತ್ತು ಎಂದುಕೊಂಡರೆ ಮುಗಿಯಿತು. ಒಂದೊಂದು ಓಟೂ ಹೇಗೆ ಮುಖ್ಯ ಎಂದು ಇಪ್ಪತ್ತು ನಿಮಿಷ ಹಿಂದಿಯಲ್ಲಿ ಮಾತಾಡಿದೆ. ಕಡೆಯ ಸಾಲಿನಲ್ಲಿ ಕೂತಿದ್ದ ಇಬ್ಬರು ಕಣ್ಣೊರೆಸಿಕೊಂಡರು. ಸಾಹೇಬರು ಎದ್ದು ನಿಂತು ಚಪ್ಪಾಳೆ ಹೊಡೆದರು. ಬಾಯಿ ಚಪ್ಪಾಳೆ ಹೊಡೆಯಲಿಲ್ಲ. ಕಾರ್ಯಕ್ರಮದ ಪಟ್ಟಿ ಅವರ ಕೈಯಲ್ಲಿತ್ತು, ಅದಕ್ಕೆ ಸಹಿ ಹಾಕುತ್ತಿದ್ದರು.

ಆ ಸಲ ನಮ್ಮ ಕಚೇರಿಯಿಂದ ಡ್ಯೂಟಿಗೆ ಸಿಕ್ಕಿಬಿದ್ದವರು ಇಬ್ಬರು, ಬಾಯಿ ಮತ್ತು ನಾನು. ಇಬ್ಬರಿಗೂ ಪಕ್ಕದ ಕ್ಷೇತ್ರ. ಅವರಿಗೆ ಕಾಂಪ್ಟಿ ಕಡೆಯ ಒಂದು ಶಾಲೆ, ನನಗೆ ವಾಡಿ. ಹೊಸ ಪದ್ಧತಿಯಲ್ಲಿ ಮತಪತ್ರ ಮನೆಗೆ ಬರುವುದಿಲ್ಲ, ತರಬೇತಿ ನಡೆಯುವ ಜಾಗದಲ್ಲೇ ಮೇಜು ಹಾಕಿರುತ್ತಾರೆ. ಅಲ್ಲಿಯೇ ಮತಪತ್ರ ಕೊಡುತ್ತಾರೆ, ಘೋಷಣೆಯ ಕಾಗದಕ್ಕೆ ಅಲ್ಲಿಯೇ ಒಬ್ಬ ಅಧಿಕಾರಿ ಸಹಿ ಹಾಕುತ್ತಾನೆ, ರಟ್ಟಿನ ಮರೆಯಲ್ಲಿ ಗುರುತು ಹಾಕಿ, ಚಿಕ್ಕ ಲಕೋಟೆಯನ್ನು ದೊಡ್ಡ ಲಕೋಟೆಯೊಳಗಿಟ್ಟು ಪೆಟ್ಟಿಗೆಗೆ ಹಾಕಬೇಕು. ಕಳೆಯುವ ಪ್ರಶ್ನೆಯೇ ಇಲ್ಲ. ಬಾಯಿ ಇದನ್ನು ಕೇಳಿ ತರಬೇತಿಯ ದಿನ ಇಳಕಲ್ ಸೀರೆ ಉಟ್ಟು ಬಂದಿದ್ದರು. ನನ್ನ ಅರ್ಜಿಯನ್ನೂ ತಾವೇ ತುಂಬಿ ತಂದಿದ್ದರು.

“ಬಾ ವಕೀಲ, ಸರತಿ ಸಣ್ಣದೈತಿ.”

“ನೀವು ನಡೀರಿ ಬಾಯಾರ, ಚಹಾ ಕುಡದು ಬರ್ತೀನಿ.”

ಚಹಾದ ಅಂಗಡಿಯಿಂದ ಬಾಗಿಲು ನೇರಕ್ಕೆ ಕಾಣುತ್ತಿತ್ತು. ಬಾಯಿ ರಟ್ಟಿನ ಹಿಂದೆ ಹೋದದ್ದು, ಹೊರಬಂದದ್ದು, ಲಕೋಟೆಯನ್ನು ಪೆಟ್ಟಿಗೆಯ ಸೀಳಿಗೆ ಹಾಕಿ ಒಳಗೆ ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡಿದ್ದು ಎಲ್ಲ ನೋಡಿದೆ. ನಾನು ಎರಡನೇ ಚಹಾ ಹೇಳಿದೆ. ಆಮೇಲೆ ಮೇಜು ಮುಚ್ಚಿದರು. ವಾಪಸು ಬರುವಾಗ ಬಸ್ಸಿನಲ್ಲಿ ಬಾಯಿ, “ಚಲೋ ಅನಸ್ತು ನೋಡು” ಎಂದರು. ಆ ದನಿ ನಾನು ಅವರ ಬಾಯಲ್ಲಿ ಮೊದಲು ಕೇಳಿರಲಿಲ್ಲ.

ಇನ್ನು ವಾಡಿ. ಅಮರಾವತಿ ರಸ್ತೆಯ ಗೋದಾಮುಗಳ ನಡುವೆ ಒಂದು ಶಾಲೆ. ನಾನು ಎರಡನೇ ಮತಗಟ್ಟೆ ಅಧಿಕಾರಿ, ಅಂದರೆ ರಿಜಿಸ್ಟರಿನಲ್ಲಿ ಸಹಿ ಮಾಡಿಸಿ ಎಡಗೈ ತೋರುಬೆರಳಿಗೆ ಮಸಿ ಹಚ್ಚುವವನು. ಮಸಿಯ ಬಾಟಲಿ ಹೆಬ್ಬೆರಳಿನಷ್ಟಿರುತ್ತದೆ. ಒಂದು ಬಟ್ಟಲಿನಲ್ಲಿ ಮರಳು ತುಂಬಿ, ಬಾಟಲಿಯ ಮುಕ್ಕಾಲು ಭಾಗ ಅದರಲ್ಲಿ ಹೂತು ಇಡಬೇಕು ಎಂದು ತರಬೇತಿಯಲ್ಲಿ ಎರಡು ಸಲ ಹೇಳಿದ್ದರು. ಒಂದು ಚಿಕ್ಕ ಬಾಟಲಿಗೆ ಇಷ್ಟು ಅಡಿಪಾಯ ಯಾಕೆ ಎಂದು ನಾನು ಎದ್ದು ಪ್ರಶ್ನೆ ಕೇಳಿ ಎಲ್ಲರನ್ನೂ ನಗಿಸಿದ್ದೆ. ಮರಳು ಹಾಕಲಿಲ್ಲ.

ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಸರತಿಯಲ್ಲಿ ಒಬ್ಬ ಲಾರಿ ಡ್ರೈವರ್ ಬಂದ. ಲಾರಿ ರಸ್ತೆಯಲ್ಲೇ ನಿಲ್ಲಿಸಿ ಬಂದಿದ್ದ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಅವಸರಕ್ಕೆ ಮೇಜಿನ ಮೇಲೆ ಎರಡೂ ಕೈ ಊರಿ ಬಗ್ಗಿದ. ಮೇಜು ಅಲುಗಿತು, ಬಾಟಲಿ ಉರುಳಿತು, ಹಿಡಿಯಲು ಹೋದ ನನ್ನ ಎಡಗೈ ಮಣಿಕಟ್ಟಿನವರೆಗೆ ನೇರಳೆ. ಅದು ನೋಡನೋಡುತ್ತ ಕಪ್ಪಾಯಿತು.

ಡ್ರೈವರ್ ನನ್ನ ಕೈ ನೋಡಿ, “ಸಾಹೇಬ್, ಐದೈದು ಓಟು ಹಾಕಿದಿರೇನು?” ಎಂದು ಹಿಂದಿಯಲ್ಲಿ ಕೇಳಿದ. ಸರತಿ ಪೂರ್ತಿ ನಕ್ಕಿತು. ಮಧ್ಯಾಹ್ನದ ತನಕ ಬಂದವರಿಗೆಲ್ಲ ಆ ಮಾತು ಹಿಂದಿನಿಂದ ಮುಂದಕ್ಕೆ ದಾಟುತ್ತಲೇ ಇತ್ತು. ಸೀಮೆಎಣ್ಣೆ, ನಿಂಬೆಹಣ್ಣು, ಹೆಂಡತಿಯ ಉಗುರಿನ ಬಣ್ಣ ಅಳಿಸುವ ದ್ರವ, ಯಾವುದಕ್ಕೂ ಅದು ಬಗ್ಗಲಿಲ್ಲ. ಇದೊಂದು ಸರ್ಕಾರಿ ಸರಕು ಹೇಳಿದ ಕೆಲಸವನ್ನು ಬರೋಬರ್ ಮಾಡುತ್ತದೆ ಎಂದು ಒಪ್ಪಬೇಕಾಯಿತು.

ಮರುದಿನ ಕಚೇರಿಯಲ್ಲಿ ಬೆರಳು ತಪಾಸಣೆ. ಸಾಹೇಬರ ಆದೇಶ: ಪ್ರತಿಯೊಬ್ಬರ ಎಡ ತೋರುಬೆರಳು ನೋಡಿ ಪಟ್ಟಿ ಮಾಡುವುದು. ಶಾಯಿ ಇದೆ, ಶಾಯಿ ಇಲ್ಲ, ಎರಡೇ ಕಾಲಂ. ಇಲ್ಲದವರಿಗೆ ಮೆಮೊ. ಓಟು ಹಾಕುವುದು ಹಕ್ಕು, ಹಾಕದವರಿಗೆ ಮೆಮೊ ಕೊಡಲು ಯಾವ ನಿಯಮವೂ ಇಲ್ಲ ಎಂದು ಹೇಳಬಲ್ಲವನು ಇಡೀ ಕಚೇರಿಯಲ್ಲಿ ನಾನೊಬ್ಬನೇ ಇದ್ದೆ. ಪಟ್ಟಿ ಮಾಡುವ ಕೆಲಸ ನನಗೇ ಬಂತು, ಯಾಕೆಂದರೆ ನನ್ನ ಕೈಯಷ್ಟು ಕಪ್ಪಗೆ ಯಾರದೂ ಇರಲಿಲ್ಲ. ಸಾಹೇಬರು ಅದನ್ನು ಎತ್ತಿಹಿಡಿದು ಫೋಟೊ ತೆಗೆಸಿ ಗುಂಪಿನಲ್ಲಿ ಹಾಕಿದರು. ನಾನು ನಿಯಮದ ಮಾತು ಎತ್ತಲಿಲ್ಲ. ಆ ಕೈ ಮೇಲೆತ್ತಿ ನಿಂತವನು ಯಾವ ಮಾತು ಎತ್ತಿಯಾನು.

ಶಾಯಿ ಇಲ್ಲದವರು ಮೂವರು. ಇಬ್ಬರು ಪಚಮಢಿಯವರು, ಸಂಜೆಯೊಳಗೆ ಜ್ವರದ ಸರ್ಟಿಫಿಕೇಟ್ ತಂದುಕೊಟ್ಟು ಪಾರಾದರು. ಮೂರನೆಯವರು ಹಿರೇಮಠ ಬಾಯಿ. ಅಂಚೆ ಮತ ಹಾಕಿದವರಿಗೆ ಶಾಯಿ ಹಚ್ಚುವುದಿಲ್ಲ ಎಂದು ಸಾಹೇಬರಿಗೆ ಹೇಳಿದೆ. ಆದೇಶದಲ್ಲಿ ಶಾಯಿ ಎಂದಿದೆ, ಅಂಚೆ ಎಂದಿಲ್ಲ ಎಂದರು. ಮೆಮೊ ನಾನೇ ಟೈಪ್ ಮಾಡಿದೆ, ಕಪ್ಪು ಕೈಯಿಂದ.

ಬಾಯಿ ಅದನ್ನು ಎರಡು ಸಲ ಓದಿದರು. ಮೂಲೆಯಲ್ಲಿ ಸಹಿ, ತಾರೀಖು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೂವತ್ತಾರು ವರ್ಷದಾಗ ಇದು ಮೊದಲನೇ ಮೆಮೊ ನನಗ. ಅದೂ ಮೊದಲನೇ ಸಲ ಓಟ್ ಹಾಕಿದ್ದಕ್ಕ.”

ನಾನು ಅವರ ಕಣ್ಣು ತಪ್ಪಿಸಿದೆ. ಅವರು ನನ್ನ ಎಡಗೈ ನೋಡಿದರು. ಆ ಶಾಯಿ ಎಲ್ಲಿಯದೆಂದು ಅವರಿಗೆ ಗೊತ್ತಿತ್ತು, ಚಹಾದ ಅಂಗಡಿಯೂ ಗೊತ್ತಿತ್ತು. ಆದರೂ ಯಾರಿಗೂ ಹೇಳಲಿಲ್ಲ. ‘ನಾನು ಅಂಚೆಯಲ್ಲಿ ಮತ ಹಾಕಿದ್ದೇನೆ, ಮತ ಗುಪ್ತವಾದ್ದರಿಂದ ಹೆಚ್ಚು ವಿವರಿಸಲಾರೆ’ ಎಂದು ಎರಡು ಸಾಲಿನ ಉತ್ತರ ಕೊಟ್ಟರು. ಸಾಹೇಬರು ಸಾಕ್ಷಿ ಬೇಕೆಂದು ಕಡತ ತೆರೆದಿಟ್ಟರು. ಐದು ತಿಂಗಳಲ್ಲಿ ಬಾಯಿಯ ನಿವೃತ್ತಿ. ‘ಯಾವ ವಿಚಾರಣೆಯೂ ಬಾಕಿ ಇಲ್ಲ’ ಎಂಬ ಒಂದು ಪ್ರಮಾಣಪತ್ರವಿಲ್ಲದೆ ನಿವೃತ್ತಿಯ ಕಾಗದ ಮುಂದೆ ಸರಿಯುವುದಿಲ್ಲ. ಅವರಿಗೆ ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ. ಜೀವಮಾನದ ಆ ಒಂದು ಓಟನ್ನು ಹಾಕಿಯೇ ಇಲ್ಲ ಎಂದು ಕಡತ ಹೇಳುತ್ತಿತ್ತು.

ಅಷ್ಟರಲ್ಲಿ ನನಗೆ ಎಣಿಕೆಯ ಆದೇಶ ಬಂತು. ನಮ್ಮದೇ ಕ್ಷೇತ್ರ, ಅಂಚೆ ಮತಪತ್ರಗಳ ಮೇಜು, ಎಣಿಕೆ ಸಹಾಯಕ.

ಮುಂದೆ ಸೇರುವವರು ಆ ಮೇಜನ್ನು ಒಮ್ಮೆಯಾದರೂ ನೋಡಬೇಕು. ಅಲ್ಲಿ ಬರುವುದು ಬಹುತೇಕ ಸರ್ಕಾರಿ ಜನರ ಓಟು, ಡ್ಯೂಟಿಯವರದು, ಜೊತೆಗೆ ದೂರದ ಊರುಗಳಲ್ಲಿ ಸೇವೆಯಲ್ಲಿದ್ದು ಈಗಲೂ ಟಪಾಲಿನಲ್ಲಿ ಕಳಿಸುವವರದು. ಇನ್ನೊಬ್ಬರ ಅರ್ಜಿಯಲ್ಲಿ ಒಂದು ಸಹಿ ಕಡಿಮೆಯಾದರೆ ತಿರಸ್ಕರಿಸುತ್ತ ಜೀವನ ಸವೆಸಿದವರು ತಮ್ಮ ಓಟಿನಲ್ಲಿ ಏನೇನು ಮಾಡಿಟ್ಟಿರುತ್ತಾರೆ! ಒಬ್ಬರು ಮತಪತ್ರಕ್ಕೆ ‘ಸೂಕ್ತ ಕ್ರಮಕ್ಕಾಗಿ ಸಲ್ಲಿಸಲಾಗಿದೆ’ ಎಂದು ಒಂದು ಮೇಲ್ಪತ್ರ ಬರೆದು ಪಿನ್ನು ಚುಚ್ಚಿದ್ದರು. ಒಬ್ಬರು ಘೋಷಣೆಯನ್ನು ತಾವೇ ಬರೆದು, ತಾವೇ ದೃಢೀಕರಿಸಿ, ತಮ್ಮದೇ ರಬ್ಬರ್ ಮೊಹರು ಒತ್ತಿದ್ದರು. ಒಬ್ಬರು ಘೋಷಣೆಯನ್ನು ಮಾತ್ರ ಕಳಿಸಿ ಮತಪತ್ರವನ್ನು, ಬಹುಶಃ ಕಚೇರಿ ಪ್ರತಿ ಎಂದು, ಮನೆಯಲ್ಲೇ ಇಟ್ಟುಕೊಂಡಿದ್ದರು. ನಾನೂ ನನ್ನ ಪಕ್ಕದವರೂ ನಗು ತಡೆಯಲಾರದೆ ನೀರು ಕುಡಿಯುತ್ತಿದ್ದೆವು.

ನಿಯಮ ಸರಳ. ಮತ ಹಾಕಿದವರು ಯಾರೆಂದು ಗುರುತು ಹತ್ತುವಂಥ ಬರಹವೋ ಸಹಿಯೋ ಮತಪತ್ರದ ಮೇಲಿದ್ದರೆ ಅದು ತಿರಸ್ಕೃತ.

ಮಧ್ಯಾಹ್ನದ ಮೊದಲು ಒಂದು ಚಿಕ್ಕ ಲಕೋಟೆ ಬಿಡಿಸಿದೆ. ಮತಪತ್ರ ನೀಟಾಗಿ ಮೂರು ಮಡಿಕೆ. ಗುರುತು ಸರಿಯಾದ ಜಾಗದಲ್ಲಿ, ಒಂದೇ ಒಂದು. ಎಡಗಡೆಯ ಕೆಳಮೂಲೆಯಲ್ಲಿ, ಕೆ ಮತ್ತು ಹೆಚ್, ಒಂದರ ತೋಳಿನಲ್ಲಿ ಇನ್ನೊಂದು. ಕೆಳಗೆ ತಾರೀಖು.

ಇಪ್ಪತ್ತು ವರ್ಷದಲ್ಲಿ ಹತ್ತು ಸಾವಿರ ಸಲವಾದರೂ ನೋಡಿದ ಸಹಿ. ನನ್ನ ಮದುವೆಯ ಕರೆಯೋಲೆಯಲ್ಲಿ ಇರುವ ಸಹಿ. ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹೆಬ್ಬೆರಳಿನಿಂದ ಆ ಮೂಲೆಯನ್ನು ಮುಚ್ಚಿ ಹಿಡಿದುಕೊಂಡೆ. ಹಾಗೆಯೇ ಸರಿ ಇದ್ದ ಕಟ್ಟಿಗೆ ಸೇರಿಸಿಬಿಡಬಹುದೇ ಎಂದು ಒಂದು ಕ್ಷಣ ಯೋಚಿಸಿದ್ದು ನಿಜ. ಒಂದು ಓಟಿನಿಂದ ಏನೂ ಬದಲಾಗುವುದಿಲ್ಲ ಎಂಬ ನನ್ನದೇ ವಾದ ಅಂದು ನನಗೆ ಅಡ್ಡಬರಲಿಲ್ಲ, ಬದಲಾಗಿ ಕೈ ಹಿಡಿದು ಕರೆಯುತ್ತಿತ್ತು. ಏನೂ ಬದಲಾಗುವುದಿಲ್ಲವಲ್ಲ, ಸೇರಿಸು ಎಂದು. ಎದುರಿಗೆ ಜಾಲರಿಯ ಆಚೆ ಪಕ್ಷಗಳ ಏಜೆಂಟರು ಕತ್ತು ಚಾಚಿದ್ದರು. ಹೆಬ್ಬೆರಳು ಎತ್ತಿದೆ. ಚುನಾವಣಾಧಿಕಾರಿ ಕಾಗದವನ್ನು ಏಜೆಂಟರಿಗೆ ತೋರಿಸಿದರು. ಎಲ್ಲ ಪಕ್ಷದವರೂ ಜಗಳವಿಲ್ಲದೆ ಒಪ್ಪಿದ್ದು ಅಂದು ಅದೊಂದೇ ವಿಷಯಕ್ಕೆ. ತಿರಸ್ಕೃತ ಎಂದು ಮೊಹರು ಬಿತ್ತು.

ಅವರು ಯಾರಿಗೆ ಹಾಕಿದ್ದರು ಎಂದು ನನಗೆ ಗೊತ್ತು. ಅದನ್ನು ಮಾತ್ರ ಕೇಳಬೇಡಿ.

ಮರುದಿನ ಬಾಯಿ ಎಣಿಕೆ ಹೇಗಾಯಿತು ಎಂದು ಕೇಳಿದರು. ಸಲೀಸಾಗಿ ಆಯಿತು ಎಂದೆ. ನಮ್ಮ ಅಂಚೆಯವು ಎಲ್ಲ ಎಣಿಕೆಗೆ ಬಂದವಾ ಎಂದರು. ಮೇಜಿನ ಮೇಲೆ ಕಂಡದ್ದನ್ನು ಹೊರಗೆ ಹೇಳುವುದು ಅಪರಾಧ, ಆ ಪಾಠ ನನಗೆ ಕಲಿಸಿದವರೇ ನೀವು ಎಂದು ಹೇಳಿ ಜಾರಿಕೊಂಡೆ. ಅವರು ನನ್ನ ಮುಖವನ್ನು ಒಂದು ಕಡತದಂತೆ ಓದಿದರು. “ಬರೋಬರ್ ಐತಿ” ಎಂದು ತಮ್ಮ ಮೇಜಿಗೆ ಹೋದರು.

ಅಂದು ಮಧ್ಯಾಹ್ನ ನಾನು ಅವರ ಕಡತ ತೆಗೆದು ಟಿಪ್ಪಣಿ ಬರೆದೆ. ನನ್ನ ಸರ್ವೀಸಿನಲ್ಲಿ ಬರೆದ ಟಿಪ್ಪಣಿಗಳಲ್ಲಿ ಓದಲು ಯೋಗ್ಯವಾದದ್ದು ಅದೊಂದೇ. ಶ್ರೀಮತಿ ಹಿರೇಮಠ ಮತ ಹಾಕಿದ್ದಾರೆ. ಲಕೋಟೆ ಪೆಟ್ಟಿಗೆಗೆ ಬಿದ್ದದ್ದಕ್ಕೆ ಕೆಳಗೆ ಸಹಿ ಮಾಡಿದವನೇ ಸಾಕ್ಷಿ. ಕೆಳಗೆ ಸಹಿ ಮಾಡಿದವನ ಕೈಯ ಶಾಯಿ ಬಾಟಲಿ ಉರುಳಿ ಆದದ್ದು. ಆತ ಮತ ಹಾಕಿಲ್ಲ. ಹೀಗಾಗಿ ಮೆಮೊ ಕೊಡಬೇಕಾದದ್ದು ಆತನಿಗೆ. ಕರಡು ಲಗತ್ತಿಸಿದೆ. ಪಟ್ಟಿಯನ್ನು ಹೊಸದಾಗಿ ಹಿರಿತನದ ಪ್ರಕಾರ ಮಾಡಿದೆ. ಮೊದಲನೇ ಸಾಲು ಭರ್ತಿಗೆ ಬಾಕಿ ಇದೆ.

ಮೊದಲನೇ ಸಾಲಿನಲ್ಲಿ ಕಚೇರಿಯ ಮುಖ್ಯಸ್ಥರ ಹುದ್ದೆ ಬರೆದಿದ್ದೆ. ಸಾಹೇಬರು ಬೇರೆ ರಾಜ್ಯದಿಂದ ವರ್ಗವಾಗಿ ಬಂದವರು. ಅವರ ಹೆಸರು ಇನ್ನೂ ಅಲ್ಲಿನ ಪಟ್ಟಿಯಲ್ಲೇ ಇತ್ತು, ಮತದಾನದ ವಾರ ಅವರು ಊರು ಬಿಟ್ಟಿರಲಿಲ್ಲ. ಗುಂಪಿನಲ್ಲಿ ಎಲ್ಲರ ಬೆರಳಿನ ಫೋಟೊ ಇತ್ತು, ಅವರದಿರಲಿಲ್ಲ.

ಕರೆ ಬಂತು. ಕಡತ ತೆರೆದೇ ಇತ್ತು. ಮಾತು ಹಿಂದಿಯಲ್ಲಿ ನಡೆಯಿತು, ನನ್ನ ನೆನಪಿನಲ್ಲಿ ಹೀಗಿದೆ.

“ಇದೇನು ತಮಾಷೆ? ಒಂದೊಂದು ಓಟೂ ಮುಖ್ಯ ಎಂದು ವೇದಿಕೆಯ ಮೇಲೆ ಭಾಷಣ ಮಾಡಿದವರು ನೀವು. ನಿಮ್ಮ ಕೈಯ ಫೋಟೊ ದಿಲ್ಲಿಗೆ ಹೋಗಿದೆ.”

“ಹೌದು ಸರ್. ಶಾಯಿ ಇಲ್ಲದವರನ್ನು ಲೆಕ್ಕದಿಂದ ಬಿಟ್ಟು, ನೂರಕ್ಕೆ ನೂರು ಎಂದು ವರದಿಯೂ ಹೋಗಿದೆ. ಅದನ್ನು ಈಗ ತಿದ್ದಿ ಕಳಿಸಬೇಕಾಗುತ್ತದೆ. ಬಾಯಿಯವರನ್ನು ಸೇರಿಸಿ, ನನ್ನನ್ನು ಕಳೆದು.” ಪಟ್ಟಿಯನ್ನು ಅವರ ಕಡೆ ಸರಿಸಿ ಹೇಳಿದೆ, “ಮೊದಲನೇ ಸಾಲಿಗೆ ನೀವು ಎಡಗೈ ತೋರಿಸಿದರೆ ಪಟ್ಟಿ ಪೂರ್ತಿಯಾಗುತ್ತದೆ.”

ಸಾಹೇಬರ ಎಡಗೈ ಮೇಜಿನ ಕೆಳಗಿತ್ತು. ಅದು ಮೇಲೆ ಬರಲಿಲ್ಲ. ಬಲಗೈ ಪೆನ್ನು ಹುಡುಕಿತು. ‘ವಿವರಣೆ ಒಪ್ಪಿದೆ. ಕಡತ ಮುಕ್ತಾಯ’ ಎಂದು ಬರೆದರು, ನನ್ನ ಕರಡು ಮೆಮೊ ಹರಿದು ಬುಟ್ಟಿಗೆ ಹಾಕಿದರು. ಬಾಯಿಯವರ ಪ್ರಮಾಣಪತ್ರ ಆ ವಾರವೇ ಸಹಿಯಾಯಿತು. ನನ್ನನ್ನು ಮುಂದಿನ ವಾರ ಹಳೆಯ ಕಡತಗಳ ಕೋಣೆಗೆ ಹಾಕಿದರು. ಅಲ್ಲಿ ಇಲಿಗಳಿದ್ದವು, ವಾದಕ್ಕೆ ಯಾರೂ ಇರಲಿಲ್ಲ. ನಾನು ಸ್ವಯಂನಿವೃತ್ತಿಯ ನಿಯಮ ತೆಗೆದು ಓದಿದ್ದು ಅಲ್ಲಿಯೇ.

ಬಾಯಿ ಇಲ್ಲಿನ ಎತ್ತುಗಳ ಹಬ್ಬ ಪೋಳಾ ಕಳೆದ ಮೇಲೆ ನಿವೃತ್ತರಾದರು. ಬೀಳ್ಕೊಡುಗೆಗೆ ಬಂದ ಅಭಿನಂದನಾ ಪತ್ರಕ್ಕೆ ಚೌಕಟ್ಟು ಹಾಕಿಸಿದ್ದರು, ಗಾಜು ಅಡ್ಡ ಇದ್ದುದರಿಂದ ಸಹಿ ಹಾಕಲಾಗಲಿಲ್ಲ. ನಾನು ದೀಪಾವಳಿಗೆ ಮೊದಲು ಹೊರಬಂದೆ. ದೀಪಾವಳಿ ಮುಗಿದ ಮೇಲೆ ವಿಧಾನಸಭೆಯ ಚುನಾವಣೆ. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಅವರಿಗೆ ಡ್ಯೂಟಿಯ ಆದೇಶ ಬರಲಿಲ್ಲ. ಮತದಾನದ ದಿನ ಬೆಳಿಗ್ಗೆ ಏಳಕ್ಕೆ ನನಗೆ ಅವರ ಫೋನ್ ಬಂತು. ಮೊಣಕಾಲು ಹಿಡಿದಿದೆ, ಸ್ಕೂಟರ್ ತಗೊಂಡು ಬಾ.

ರಾಮದಾಸಪೇಠ್‌ನ ಮತಗಟ್ಟೆಯಲ್ಲಿ ಮೂರು ಮೆಟ್ಟಿಲು. ಅಲ್ಲಿಯವರೆಗೆ ಕೈ ಹಿಡಿದು ಹತ್ತಿಸಿ ಬಾಗಿಲಲ್ಲಿ ನಿಂತೆ. ಬಾಯಿ ಅದೇ ಇಳಕಲ್ ಸೀರೆ ಉಟ್ಟಿದ್ದರು. ಒಳಗೆ ಎರಡನೇ ಅಧಿಕಾರಿ ರಿಜಿಸ್ಟರ್ ತಿರುಗಿಸಿ ಸಹಿ ಮಾಡಿ ಎಂದು ತೋರಿಸಿದ. ಅವರು ಪೆನ್ನು ತಗೊಂಡು ನಿಧಾನವಾಗಿ ಬರೆದರು. ಮತ್ತೂ ಏನೋ ಬರೆಯುತ್ತಿದ್ದರು.

“ಆಜಿ, ತಾರೀಖು ಬೇಕಾಗಿಲ್ಲ” ಎಂದ ಅವನು ಮರಾಠಿಯಲ್ಲಿ.

“ಇರಲಿ ಬಿಡು” ಎಂದರು ಬಾಯಿ ಕನ್ನಡದಲ್ಲಿ, ಪೂರ್ತಿ ಬರೆದೇ ಪೆನ್ನು ಇಟ್ಟರು. ಬೆರಳು ಚಾಚಿದರು. ಮರೆಯ ಹಿಂದೆ ಹೋದರು. ಯಂತ್ರ ಉದ್ದಕ್ಕೆ ಕೂಗಿತು.

ಹೊರಬಂದವರು ಬೆರಳನ್ನು ಬಿಸಿಲಿಗೆ ಹಿಡಿದು ನೋಡಿಕೊಂಡರು. ನನಗೂ ತೋರಿಸಿದರು.

“ಈ ಸಲ ಸಹಿ ಎಲ್ಲಿ ಮಾಡಬೇಕಿತ್ತೋ ಅಲ್ಲೇ ಮಾಡೀನಿ, ವಕೀಲ.”

ನಾನು ಸ್ಕೂಟರಿನ ಕೀಲಿ ಹುಡುಕುವಂತೆ ಜೇಬಿಗೆ ಕೈ ಹಾಕಿದೆ. ಕೀಲಿ ಇನ್ನೊಂದು ಕೈಯಲ್ಲಿತ್ತು.

“ಯಾವಾಗ ಗೊತ್ತಾತ್ರಿ?”

“ಎಣಿಕಿ ಮರುದಿನಾ ನೀ ಕಾಯ್ದೆ ಹೇಳಿದ್ಯಲ್ಲ, ಅವಾಗ. ನೀ ಎಂದೂ ಕಾಯ್ದೆ ಪಾಲಸಿದಾವಲ್ಲ. ಮನೀಗೆ ಹೋಗಿ ಅವತ್ತು ಏನ್ ಏನ್ ಮಾಡೀನಿ ಅಂತ ಒಂದೊಂದ ನೆನಿಸಿದೆ. ಕೈ ತಾನ ಮಾಡಿಬಿಟ್ಟಿತ್ತು.” ಅವರು ಸೆರಗು ಸರಿಮಾಡಿ ಸೀಟಿನ ಮೇಲೆ ಒಂದು ಬದಿಗೆ ಕೂತರು. “ಈಗ ಮಹಾಲ್‌ಗೆ ನಡಿ. ನಿನ್ನ ಓಟ್ ಅಲ್ಲೈತಿ. ನಾ ಹೊರಗ ಕೂಡ್ತೀನಿ. ಚಹಾದ ಅಂಗಡಿ ಕಡೆ ಮುಖಾ ಮಾಡೀ ನೋಡು.”

ನನ್ನ ವಾದವನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಒಂದು ಓಟಿನಿಂದ ಫಲಿತಾಂಶ ಬದಲಾಗುವುದಿಲ್ಲ, ಬಾಯಿಯವರ ಓಟು ಬಿದ್ದಿದ್ದರೂ ಆ ಲೋಕಸಭೆ ಹಾಗೇ ಇರುತ್ತಿತ್ತು. ಆದರೆ ಆ ಕಾಗದದ ಮೂಲೆಯನ್ನು ಹೆಬ್ಬೆರಳಿನಿಂದ ನಾನು ಮುಚ್ಚಿ ಹಿಡಿದದ್ದು ಯಾತಕ್ಕೆ ಎಂಬುದಕ್ಕೆ ಆ ವಾದದಲ್ಲಿ ಉತ್ತರವಿಲ್ಲ. ಮಕ್ಕಳಿಗೆ ಅಭ್ಯಾಸಕ್ಕೆಂದು ಈ ಪ್ರಶ್ನೆ ಕೊಟ್ಟಿದ್ದೇನೆ, ಇನ್ನೂ ಯಾರೂ ಬಿಡಿಸಿಲ್ಲ.

ಮಹಾಲ್‌ನ ಮತಗಟ್ಟೆಯಲ್ಲಿ ಸರತಿ ಉದ್ದವಿತ್ತು. ಬಾಯಿ ಎದುರಿನ ಕಟ್ಟೆಯ ಮೇಲೆ ಕೂತು ನನ್ನ ಮೇಲೆ ಕಣ್ಣಿಟ್ಟಿದ್ದರು. ಒಳಗೆ ಎರಡನೇ ಅಧಿಕಾರಿ ಹೊಸ ಹುಡುಗ, ಎಲ್ಲಿಯದೋ ಕಚೇರಿಯ ಗುಮಾಸ್ತನಿರಬೇಕು. ಮಸಿಯ ಬಾಟಲಿಯನ್ನು ಬರೀ ಮೇಜಿನ ಮೇಲೆ ನಿಲ್ಲಿಸಿದ್ದ. ನನ್ನ ಉಗುರಿನ ಬುಡದಲ್ಲಿದ್ದ ವಾಡಿಯ ಕಪ್ಪು ಅಷ್ಟು ಹೊತ್ತಿಗೆ ಪೂರ್ತಿ ಹೋಗಿತ್ತು. ಅವನು ಕಡ್ಡಿ ಅದ್ದಿ ಹಚ್ಚಿದ, ತಣ್ಣಗಿತ್ತು. ನನ್ನ ಸರ್ವೀಸಿನ ಅನುಭವವನ್ನೆಲ್ಲ ಒಟ್ಟುಗೂಡಿಸಿ ಅವನಿಗೆ ಒಂದು ಮಾತು ಹೇಳಿದೆ: ಬಟ್ಟಲಲ್ಲಿ ಮರಳು ಹಾಕಿ ಬಾಟಲಿ ಹೂತಿಡಪ್ಪ.

ಅವನು ತಲೆ ಎತ್ತಲಿಲ್ಲ. “ಕಾಕಾ, ಪುಢೆ ಚಲಾ” ಎಂದ. ಮುಂದೆ ನಡೀರಿ ಎಂದು.

ನಡೆದೆ.